ಹೋಯ್ತೋ ಇಲ್ವೋ?

ಜೂನ್ ತಿಂಗಳ ಒಂದು ಮಧ್ಯಾಹ್ನ ಮಂಡ್ಯದ ಸೈಬರ್ ಸೆಂಟರ್ ಒಂದರಲ್ಲಿ ಮೂಲೆಯ ಸ್ಟೂಲ್ ಮೇಲೆ ಸುಮ್ನೆ ಕೂತಿದ್ದೆ. ನಾನು ಮಾಡಿದ ಫಾರ್ಮನ್ನು ಜನ ಹೇಗೆ ತುಂಬುತ್ತಾರೆ ಅಂತ ಕಣ್ಣಾರೆ ನೋಡಬೇಕಿತ್ತು. ಅದಕ್ಕೇ ಮೈಸೂರಿನಿಂದ ರೈಲು ಹತ್ತಿ ಬಂದಿದ್ದೆ.

ಹಳ್ಳಿ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವ ಒಂದು ಟ್ರಸ್ಟ್‌ನ ಅರ್ಜಿ ಅದು. ಅಂಕಪಟ್ಟಿ, ಆಧಾರ್, ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ, ಪಾಸ್‌ಬುಕ್, ಹೀಗೆ 5 ಫೋಟೋ ಹಾಕಿ ‘ಸಲ್ಲಿಸಿ’ ಒತ್ತಬೇಕು. ನನ್ನ ಆಫೀಸಿನಲ್ಲಿ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತಿತ್ತು. ಆದರೆ ಟ್ರಸ್ಟ್‌ನವರು ಫೋನ್ ಮಾಡಿ, ಒಬ್ಬಳೇ ಹುಡುಗಿಯ ಹೆಸರಲ್ಲಿ 4 ಅರ್ಜಿ ಬಂದಿವೆ, ತುಂಬಿದ್ದೇವೆ ಅನ್ನುವ ಕೆಲವರದ್ದು ಬಂದೇ ಇಲ್ಲ ಅಂದರು.

ಸೆಂಟರಿಗೆ ಒಬ್ಬ ಅಪ್ಪ, ಮಗಳು ಬಂದರು. ಅಪ್ಪನ ಕೈಯಲ್ಲಿ ಪ್ಲಾಸ್ಟಿಕ್ ಕವರ್, ಅದರೊಳಗೆ ಎಲ್ಲ ಕಾಗದ. ಮಗಳು ಒಂದೊಂದೇ ಅಕ್ಷರ ನೋಡಿ ನೋಡಿ ತುಂಬಿದಳು. ಸಲ್ಲಿಸಿ ಒತ್ತಿದಳು. ಪರದೆ ಹಾಗೇ ಇತ್ತು. ಬಟನ್ ಬಣ್ಣವೂ ಬದಲಾಗಲಿಲ್ಲ.

“ಹೋಯ್ತಾ ಮಗ?”

“ಗೊತ್ತಾಯ್ತಿಲ್ಲ ಕಣಪ್ಪ.”

ಅರ್ಧ ನಿಮಿಷ ಆಯಿತು. ಸೆಂಟರಿನವರು ಅಲ್ಲಿಂದಲೇ, “ಇನ್ನೊಂದ್ ಸಲ ಒತ್ತವ್ವ” ಅಂದರು. ಒತ್ತಿದಳು. ಮತ್ತೆ ಒತ್ತಿದಳು. ಆಮೇಲೆ ಅವಳ ಬೆರಳು ಮೌಸ್ ಮೇಲೆ ಎದ್ದು ನಿಂತೇ ಇತ್ತು, ಒತ್ತಲೋ ಬೇಡವೋ ಅಂತ. ಆ ಬೆರಳು ಇವತ್ತಿಗೂ ನನ್ನ ಕಣ್ಣ ಮುಂದಿದೆ. ತಪ್ಪು ಅವಳದ್ದಲ್ಲ, ನನ್ನದು. ಫೋಟೋ ಹೋಗ್ತಾ ಇದೆ ಅಂತ ಹೇಳಬೇಕಾದ ಜಾಗದಲ್ಲಿ ನಾನು ಏನೂ ಬರೆದಿರಲಿಲ್ಲ.

ಲೆಕ್ಕ ಹಾಕಿದರೆ ಕಷ್ಟವೇನಲ್ಲ. ಫೋನಿನಲ್ಲಿ ತೆಗೆದ ಫೋಟೋ ಒಂದೊಂದೂ 4 ಎಂಬಿ ಅಂದುಕೊಳ್ಳಿ. ಐದಕ್ಕೆ 20 ಎಂಬಿ, ಅಂದರೆ 160 ಮೆಗಾಬಿಟ್. ಕಳುಹಿಸುವ ವೇಗ ಸೆಕೆಂಡಿಗೆ 2 ಮೆಗಾಬಿಟ್ ಇದ್ದರೆ 80 ಸೆಕೆಂಡು ಬೇಕು. ಅದಾದ ಮೇಲೆ ಸರ್ವರ್ ಐದನ್ನೂ ಸೇರಿಸಿ ಒಂದು ಪಿಡಿಎಫ್ ಮಾಡಬೇಕು. 10 ಸೆಕೆಂಡು ದಾಟಿದರೆ ಮನಸ್ಸು ಬೇರೆ ಕಡೆ ಹೋಗುತ್ತದೆ, ಎಷ್ಟು ಮುಗಿದಿದೆ ಅಂತ ತೋರಿಸಬೇಕು ಅಂತ, ಜನ ಕಂಪ್ಯೂಟರ್ ಹೇಗೆ ಬಳಸುತ್ತಾರೆ ಅನ್ನುವುದನ್ನು ಅಧ್ಯಯನ ಮಾಡಿದ ಜೇಕಬ್ ನೀಲ್ಸನ್ 1993ರಲ್ಲೇ ಬರೆದಿದ್ದರು. ನಾನದನ್ನು ಓದಿದ್ದೆ ಕೂಡ. ಓದಿದ್ದು ಬೇರೆ, ಆ ಬೆರಳು ನೋಡಿದ್ದು ಬೇರೆ.

ಮಗಳು ಕಾಯುವಾಗ ಅಪ್ಪನನ್ನು ಮಾತಾಡಿಸಿದೆ. ಕಬ್ಬು ಬೆಳೆಯುವವರು. ಕಾರ್ಖಾನೆ ಮುಂದೆ ಗಾಡಿ ನಿಲ್ಲಿಸಿಕೊಂಡು ರಾತ್ರಿಯಿಡೀ ಕಾದಿದ್ದೂ ಉಂಟಂತೆ. “ಅಲ್ಲಿ ಬೇಜಾರಾಗಕಿಲ್ಲ ಸಾ. ಮುಂದೆ ಎಷ್ಟ್ ಗಾಡಿ ಅವೆ ಅಂತ ಕಾಣ್ತದೆ. ಇಲ್ಲಿ ಏನೂ ಕಾಣಾಕಿಲ್ವಲ್ಲ” ಅಂದರು.

ವಾಪಸ್ ಬರುವ ರೈಲಿನಲ್ಲಿ ಅದೇ ಮಾತು. ಬರೀ ತಿರುಗುವ ಚಕ್ರ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ನೆಟ್ ಸತ್ತರೂ ಚಕ್ರ ತಿರುಗುತ್ತಲೇ ಇರುತ್ತದೆ, ಅಲ್ವಾ? ಎಷ್ಟು ಮುಗಿಯಿತು ಅಂತ ತೋರಿಸುವ ಪಟ್ಟಿಯನ್ನು ಬರೀ ಅಂದಾಜಿನ ಮೇಲೆ ಓಡಿಸುವುದು ಇನ್ನೂ ಕೆಟ್ಟದ್ದು. ಶೇಕಡಾ 90ರವರೆಗೆ ಓಡಿ ಅಲ್ಲೇ ಕೂತುಬಿಡುತ್ತದೆ. ಒಂದು ಸಂಜೆ ಅದನ್ನೂ ಮಾಡಿ ನೋಡಿ, ಅಳಿಸಿ ಹಾಕಿದೆ. ಮುಂದೆ ಎಷ್ಟು ಗಾಡಿ ಇದೆ ಅನ್ನುವುದಕ್ಕೆ ನಿಜವಾದ ಉತ್ತರವೇ ಬೇಕು.

ಫೋಟೋ ಹೋಗುವ ಹೊತ್ತಿಗೆ ನಿಜವಾದ ಲೆಕ್ಕ ಸಿಗುತ್ತದೆ. ಬ್ರೌಸರ್‌ನಿಂದ ಸರ್ವರ್‌ಗೆ ಮಾಹಿತಿ ಕಳುಹಿಸಲು ನಾನು ಬಳಸಿದ್ದ ಫೆಚ್ ಅನ್ನುವ ವಿಧಾನದಲ್ಲಿ, ಕಳುಹಿಸುವಾಗ ಎಷ್ಟು ಬೈಟ್ ಹೋಯ್ತು ಅಂತ ತಿಳಿಯುತ್ತಿರಲಿಲ್ಲ. ಅದೇ ಕೆಲಸಕ್ಕಿರುವ ಹಳೆಯ ವಿಧಾನ ಎಕ್ಸ್‌ಎಚ್‌ಆರ್ ಅದನ್ನು ಹೇಳುತ್ತದೆ. ಹಳೆಯದಕ್ಕೇ ಮರಳಿದೆ. ಐದನ್ನೂ ಒಟ್ಟಿಗೆ ಕಳುಹಿಸುವ ಬದಲು ಒಂದೊಂದಾಗಿ ಕಳುಹಿಸಿದೆ. ಮೂರನೆಯದರಲ್ಲಿ ನೆಟ್ ಹೋದರೆ ಮೂರನೆಯದನ್ನು ಮಾತ್ರ ಮತ್ತೆ ಕಳುಹಿಸಿದರೆ ಸಾಕು. ಶೇಕಡಾ ಲೆಕ್ಕ ತೋರಿಸುವ ಬದಲು, ‘5 ಫೋಟೋಗಳಲ್ಲಿ 3 ತಲುಪಿವೆ’ ಅಂತ ದೊಡ್ಡ ಅಕ್ಷರದಲ್ಲಿ ಬರೆದೆ. ಕಣ್ಣು ಕಾಣದೆ, ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಕೇಳಿಸಿಕೊಂಡು ತುಂಬುವವರಿಗೂ ಆ ಸಾಲು ತಾನಾಗೇ ಕೇಳಿಸುವ ಹಾಗೆ ಮಾಡಿದೆ.

ಪಿಡಿಎಫ್ ಮಾಡುವ ಹೊತ್ತಿಗೆ ಅಂಥ ಲೆಕ್ಕ ಇಲ್ಲ. ಇಲ್ಲಿ ಜಾಸ್ತಿ ಯೋಚಿಸಬೇಕಾಯಿತು. ಕೊನೆಗೆ ತೋಚಿದ್ದು ಇಷ್ಟು: ಆ ಕೆಲಸಕ್ಕೆ ಅವರು ಯಾಕೆ ಕಾಯಬೇಕು? ಫೋಟೋಗಳು ತಲುಪಿದ ಕೂಡಲೇ ಅರ್ಜಿ ನಂಬರ್ ಕೊಟ್ಟುಬಿಡುವುದು, ಪಿಡಿಎಫ್ ಹಿಂದೆ ತನ್ನ ಪಾಡಿಗೆ ಆಗಲಿ. ‘ಅರ್ಜಿ ತಲುಪಿದೆ. ನಂಬರ್ ಬರೆದುಕೊಳ್ಳಿ. ಇನ್ನು ಈ ಪುಟ ಮುಚ್ಚಬಹುದು.’ ಬಟನ್ ಒಂದು ಸಲ ಒತ್ತಿದ ಮೇಲೆ ‘ಕಳುಹಿಸುತ್ತಿದ್ದೇವೆ’ ಅಂತ ಬದಲಾಗುತ್ತದೆ. ಫಾರ್ಮ್ ತೆರೆದಾಗಲೇ ಒಂದು ಗುರುತು ಕೊಟ್ಟಿರುವುದರಿಂದ, ಯಾರಾದರೂ ಹೇಗೋ ಎರಡು ಸಲ ಕಳುಹಿಸಿದರೂ ಸರ್ವರ್ ಅದನ್ನು ಒಂದೇ ಅರ್ಜಿ ಅಂತ ಹಿಡಿಯುತ್ತದೆ.

ಎರಡು ವಾರ ಬಿಟ್ಟು ಅದೇ ಸೆಂಟರಿಗೆ ಮತ್ತೆ ಹೋದೆ. ಆ ಅಪ್ಪ, ಮಗಳು ಇರಲಿಲ್ಲ. ಒಬ್ಬ ಹುಡುಗ ಅಜ್ಜಿಯ ಜೊತೆ ಬಂದಿದ್ದ. ಅವತ್ತು ನೆಟ್ ಇನ್ನೂ ನಿಧಾನ ಇತ್ತು. ಅವನು ಸಲ್ಲಿಸಿ ಒತ್ತಿ, ಮೌಸ್ ಬಿಟ್ಟು, ಕೈ ಕಟ್ಟಿ ಕೂತ.

“ಎರಡು ಹೋಯ್ತಜ್ಜಿ.”

ಅಜ್ಜಿ ತಲೆ ಆಡಿಸಿದರು.

“ಮೂರ್ ಹೋಯ್ತು.”

ನಾಲ್ಕನೆಯದು ತುಂಬಾ ಹೊತ್ತು ತೆಗೆದುಕೊಂಡಿತು. ನನಗೇ ತಡೆಯಲಾಗದೆ ಎದ್ದು ನಿಂತೆ. ಹುಡುಗ ಮಿಸುಕಲಿಲ್ಲ. ಐದನೆಯದೂ ಹೋಗಿ ನಂಬರ್ ಬಂದಾಗ ಅಜ್ಜಿ ಸೊಂಟದ ಚೀಲದಿಂದ ಮಡಿಚಿದ ಬಸ್ ಟಿಕೆಟ್ ತೆಗೆದು, “ಇದ್ರ ಹಿಂದ್ಗಡೆ ಬರ್ಕೊ ಮಗ” ಅಂದರು.