ತೆಳು ತಂತಿ ಹಾಕಿದ ಮೇಲೆ ಉಳಿಯುವ ಕೆಲಸ

ಎಲೆಕ್ಟ್ರಿಕ್ ಗಿಟಾರ್‌ಗಳನ್ನು ದುರಸ್ತಿ ಮಾಡಿ ಹದಕ್ಕೆ ತರುವುದು ನನ್ನ ಉದ್ಯೋಗ. ಬರುವ ದೂರುಗಳಲ್ಲಿ ಒಂದನ್ನು ವಾದ್ಯ ಚೀಲದಿಂದ ಹೊರಗೆ ಬರುವ ಮೊದಲೇ ಊಹಿಸಬಲ್ಲೆ: ‘ತೆಳು ತಂತಿ ಹಾಕಿದೆ, ಗಿಟಾರ್ ಕೆಟ್ಟುಹೋಯಿತು.’ ಮೊದಲ ಕೆಲವು ಫ್ರೆಟ್‌ಗಳಲ್ಲಿ (ಕೈಹಿಡಿಯ ಮೇಲಿನ ಲೋಹದ ಅಡ್ಡಪಟ್ಟಿಗಳಲ್ಲಿ) ತಂತಿ ಜಿರ್ರೆನ್ನುತ್ತದೆ, ಹಲವು ತಂತಿ ಒಟ್ಟಿಗೆ ನುಡಿಸುವ ಕಾರ್ಡ್ ಹಿಡಿದರೆ ಶ್ರುತಿ ಕೂಡುವುದಿಲ್ಲ, ದನಿ ಸಪ್ಪೆಯಾಗಿದೆ. ಗಿಟಾರ್ ಕೆಟ್ಟಿರುವುದಿಲ್ಲ. ತಂತಿ ಹೊಸದಾಗಿದೆ, ಅದನ್ನು ಹೊತ್ತ ಭಾಗಗಳೆಲ್ಲ ಹಳೆಯ ಲೆಕ್ಕದಲ್ಲೇ ನಿಂತಿವೆ, ಅಷ್ಟೆ.

ಆ ಲೆಕ್ಕ ಎಷ್ಟು ದೊಡ್ಡದು ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ‘ಹತ್ತರ ಸೆಟ್’ ಎಂದರೆ ಅತಿ ತೆಳುವಾದ ತಂತಿಯ ದಪ್ಪ ಇಂಚಿನ ಸಾವಿರದಲ್ಲಿ ಹತ್ತು ಭಾಗ. ‘ಒಂಬತ್ತರ ಸೆಟ್’ನಲ್ಲಿ ಅದು ಒಂಬತ್ತು. ಕಣ್ಣಿಗೆ ಕಾಣದ ವ್ಯತ್ಯಾಸ. ಆದರೆ ಅದೇ ಉದ್ದದಲ್ಲಿ ಅದೇ ಸ್ವರ ಬರಬೇಕಾದರೆ ತಂತಿಗೆ ಬೇಕಾದ ಬಿಗಿತ ದಪ್ಪದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಹಾಗಾಗಿ ಮೊದಲ ತಂತಿಯೊಂದರಲ್ಲೇ ಶೇ 19ರಷ್ಟು ಬಿಗಿತ ಇಳಿಯುತ್ತದೆ. ಆರೂ ತಂತಿಗಳನ್ನು ಸೇರಿಸಿದರೆ, 25.5 ಇಂಚಿನ ಸ್ಕೇಲ್ (ಕಂಪಿಸುವ ತಂತಿಯ ಉದ್ದ) ಇರುವ ಗಿಟಾರ್ ಮೇಲೆ 10–46 ಸೆಟ್ (ಅತಿ ತೆಳು ತಂತಿ ಹತ್ತು, ಅತಿ ದಪ್ಪದ್ದು ನಲವತ್ತಾರು) ಸುಮಾರು 46 ಕಿಲೋ ಎಳೆಯುತ್ತದೆ, 9–42 ಸೆಟ್ ಸುಮಾರು 38 ಕಿಲೋ. ಎಂಟು ಕಿಲೋ ಎಳೆತ ಒಮ್ಮೆಗೇ ಇಲ್ಲವಾದರೆ ಮರದ ನೆಕ್, ಅಂದರೆ ಉದ್ದನೆಯ ಕೈಹಿಡಿ, ಸುಮ್ಮನಿರುತ್ತದೆಯೇ?

ಸುಮ್ಮನಿರುವುದಿಲ್ಲ. ತಂತಿಗಳು ನೆಕ್ಕನ್ನು ಮುಂದಕ್ಕೆ ಬಾಗಿಸುತ್ತವೆ, ಒಳಗಿನ ಟ್ರಸ್ ರಾಡ್ ಎಂಬ ಲೋಹದ ಸರಳು ಹಿಂದಕ್ಕೆ ಹಿಡಿಯುತ್ತದೆ. ತಂತಿಯ ಕಡೆಯ ಬಲ ತಗ್ಗಿದೊಡನೆ ರಾಡ್ ಗೆಲ್ಲುತ್ತದೆ. ನೆಕ್ ನೆಟ್ಟಗಾಗುತ್ತದೆ, ಕೆಲವೊಮ್ಮೆ ಹಿಂದಕ್ಕೇ ಬಾಗುತ್ತದೆ. ಆರಂಭದ ಫ್ರೆಟ್‌ಗಳ ಜಿರ್ರಿಗೆ ಸಾಮಾನ್ಯವಾಗಿ ಇದೇ ಕಾರಣ. ನೋಡುವ ಕ್ರಮ ಸರಳ: ಸರಿಯಾದ ಶ್ರುತಿಗೆ ತಂದ ಮೇಲೆ ಮೊದಲ ಫ್ರೆಟ್‌ಗೆ ಕ್ಯಾಪೊ (ತಂತಿಗಳನ್ನೆಲ್ಲ ಒತ್ತಿಹಿಡಿಯುವ ಹಿಡಿಕೆ) ಹಾಕಿ, ಕೊನೆಯ ಫ್ರೆಟ್‌ನಲ್ಲಿ ದಪ್ಪ ತಂತಿಯನ್ನು ಒತ್ತಿ, ಏಳು–ಎಂಟನೆಯ ಫ್ರೆಟ್ ಬಳಿ ತಂತಿಯ ಅಡಿಯ ಸಂದನ್ನು ಅಳೆಯಬೇಕು. ಕಾಲು ಮಿಲಿಮೀಟರ್ ಆಸುಪಾಸು ಇದ್ದರೆ ಹೆಚ್ಚಿನ ಗಿಟಾರ್‌ಗಳು ನೆಮ್ಮದಿಯಾಗಿರುತ್ತವೆ. ಸಂದೇ ಇಲ್ಲದಿದ್ದರೆ ರಾಡನ್ನು ತುಸು ಸಡಿಲಿಸಬೇಕು, ಒಂದು ಸಲಕ್ಕೆ ಕಾಲು ಸುತ್ತು ಮೀರದಂತೆ. ತಿರುಗಲು ಒಲ್ಲದ ರಾಡ್ ಮೇಲೆ ಬಲ ಹಾಕಬೇಡಿ. ಮುರಿದ ರಾಡನ್ನು ತೆಗೆಯುವ ಕೆಲಸ ನನಗೆ ಹಣ ತರುತ್ತದೆ ನಿಜ, ಸಂತೋಷ ತರುವುದಿಲ್ಲ.

ಬ್ರಿಡ್ಜನ್ನು ಅಲುಗಿಸಿ ಸ್ವರ ಏರಿಳಿಸುವ ಟ್ರೆಮೊಲೊ ಇರುವ ಗಿಟಾರ್‌ನಲ್ಲಿ ಇದಕ್ಕೂ ಮೊದಲು ಇನ್ನೊಂದು ಕೆಲಸವಿದೆ. ಅಲ್ಲಿ ಬ್ರಿಡ್ಜ್, ಅಂದರೆ ಗಿಟಾರ್ ಒಡಲ ಮೇಲೆ ತಂತಿಗಳನ್ನು ಹಿಡಿದ ಭಾಗ, ನಿಂತಿರುವುದೇ ಹಗ್ಗಜಗ್ಗಾಟದ ಮೇಲೆ: ಮುಂದೆ ತಂತಿಗಳು, ಹಿಂದೆ ಸ್ಪ್ರಿಂಗ್‌ಗಳು. ತಂತಿ ಹಗುರವಾದರೆ ಬ್ರಿಡ್ಜ್ ಹಿಂದಕ್ಕೆ ಕುಸಿಯುತ್ತದೆ, ಅದರೊಂದಿಗೆ ತಂತಿಗಳ ಎತ್ತರವೂ ಇಳಿಯುತ್ತದೆ. ಎಲ್ಲ ಫ್ರೆಟ್‌ಗಳಲ್ಲೂ ಜಿರ್ರೆನ್ನುವಾಗ ನಾನು ಮೊದಲು ನೋಡುವುದು ಹಿಂಬದಿಯ ಮುಚ್ಚಳ ತೆಗೆದು. ಸ್ಪ್ರಿಂಗ್ ಹಿಡಿದಿರುವ ಎರಡು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾ, ಪ್ರತಿ ಸಲವೂ ಮತ್ತೆ ಶ್ರುತಿ ಮಾಡುತ್ತಾ, ಬ್ರಿಡ್ಜ್ ಮೊದಲಿದ್ದ ಕೋನಕ್ಕೆ ಬರುವವರೆಗೆ ಸಾಗಬೇಕು. ತಾಳ್ಮೆ ಬೇಡುವ ಕೆಲಸ. ಇದನ್ನು ಬಿಟ್ಟು ಸೀದಾ ಬ್ರಿಡ್ಜ್ ಮೇಲೆ ಒಂದೊಂದು ತಂತಿಗೂ ಆಸರೆಯಾದ ಸ್ಯಾಡಲ್‌ಗಳನ್ನು ಎತ್ತರಿಸಿಕೊಂಡು ಬಂದವರ ಗಿಟಾರ್‌ಗಳೇ ನನ್ನಲ್ಲಿ ಹೆಚ್ಚು ಹೊತ್ತು ತಿನ್ನುತ್ತವೆ, ಏಕೆಂದರೆ ಅವರು ಮಾಡಿದ್ದನ್ನೆಲ್ಲ ಮೊದಲು ಹಿಂದಕ್ಕೆ ತರಬೇಕು.

ಬ್ರಿಡ್ಜ್, ನೆಕ್, ಆಮೇಲೆ ತಂತಿಯ ಎತ್ತರ, ಎಲ್ಲಕ್ಕಿಂತ ಕೊನೆಗೆ ಇಂಟೊನೇಶನ್, ಅಂದರೆ ಎಲ್ಲಿ ಒತ್ತಿದರೂ ಸ್ವರ ಶ್ರುತಿಯಲ್ಲಿರುವಂತೆ ಹೊಂದಿಸುವುದು. ಈ ಕ್ರಮ ತಪ್ಪಿದರೆ ಮುಂದಿನ ಹೆಜ್ಜೆ ಹಿಂದಿನದನ್ನು ಅಳಿಸುತ್ತದೆ. ಇಂಟೊನೇಶನ್‌ಗೆ ಹನ್ನೆರಡನೆಯ ಫ್ರೆಟ್‌ನ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಬರಿದೆ ಮುಟ್ಟಿ ಮೀಟಿದ ಸ್ವರ) ಮತ್ತು ಅಲ್ಲೇ ಒತ್ತಿದ ಸ್ವರ ಎರಡನ್ನೂ ಟ್ಯೂನರ್‌ನಲ್ಲಿ ಹೋಲಿಸಿದರೆ ಆಯಿತು. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಕೈಹಿಡಿಯ ತುದಿಯಲ್ಲಿ ತಂತಿಗಳನ್ನು ಕಚ್ಚುಗಳಲ್ಲಿ ಕೂರಿಸುವ ನಟ್ ವಿಷಯದಲ್ಲಿ ಒಂದು ಮೆಟ್ಟಿಲು ತೆಳುವಾದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಮತ್ತೆ ದಪ್ಪ ತಂತಿಗೆ ಮರಳುವಾಗಲೇ ಕಿರಿದಾದ ಕಚ್ಚಿನಲ್ಲಿ ತಂತಿ ಸಿಕ್ಕಿಕೊಳ್ಳುವುದು.

ಇಷ್ಟೆಲ್ಲ ಮಾಡಿಯೂ ‘ಶ್ರುತಿ ಸರಿಯಿಲ್ಲ’ ಎಂದು ಮರಳಿ ಬರುವವರಿದ್ದಾರೆ. ನನ್ನ ಉದ್ಯೋಗದಲ್ಲಿ ಅತಿ ಕುತೂಹಲದ ಭಾಗ ಅದೇ. ಈಗ ನಾನು ಅಂಥವರನ್ನು ಕೂರಿಸಿ ನುಡಿಸಲು ಹೇಳುತ್ತೇನೆ, ಗಿಟಾರ್ ಬಿಟ್ಟು ಕೈ ನೋಡುತ್ತೇನೆ. ದಪ್ಪ ತಂತಿಗೆ ಪಳಗಿದ ಬೆರಳು ತೆಳು ತಂತಿಯನ್ನು ಅದೇ ಬಲದಲ್ಲಿ ಫ್ರೆಟ್‌ಗೆ ಅದುಮುತ್ತದೆ, ಸ್ವರ ಏರುತ್ತದೆ. ಬೆಂಡ್ ಮಾಡುವಾಗ, ಅಂದರೆ ತಂತಿಯನ್ನು ಪಕ್ಕಕ್ಕೆ ತಳ್ಳಿ ಸ್ವರ ಏರಿಸುವಾಗ, ಇನ್ನೂ ಸ್ಪಷ್ಟ. ತೆಳು ತಂತಿಯಲ್ಲಿ ಬೆಂಡ್ ದೂರವೂ ಕಡಿಮೆಯಾಗುತ್ತದೆ ಎಂಬ ನಂಬಿಕೆಯಿದೆ. ಬ್ರಿಡ್ಜ್ ಅಲುಗದ ಗಿಟಾರ್‌ನಲ್ಲಿ, ಸುತ್ತಿಲ್ಲದ ಸಾದಾ ತಂತಿಗಳ ಮಟ್ಟಿಗೆ, ಒಂದು ಪೂರ್ಣ ಸ್ವರ ಏರಿಸಲು ತಂತಿಯನ್ನು ತಳ್ಳಬೇಕಾದ ದೂರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಬೇಕಾದ ಬಲ ಮಾತ್ರ ಕಡಿಮೆ. ಹಳೆಯ ಬಲದಲ್ಲೇ ತಳ್ಳಿದರೆ ಸ್ವರ ಗುರಿ ದಾಟುತ್ತದೆ. ಪಿಕ್ ಹಿಡಿದ ಕೈಯದೂ ಇದೇ ಕತೆ: ಬಲವಾಗಿ ಬಾರಿಸಿದರೆ ಸಡಿಲ ತಂತಿ ಅಗಲವಾಗಿ ಕಂಪಿಸಿ ಫ್ರೆಟ್‌ಗೆ ತಾಗುತ್ತದೆ. ಇದಕ್ಕೆ ಸ್ಕ್ರೂಡ್ರೈವರ್‌ನಲ್ಲಿ ಔಷಧಿಯಿಲ್ಲ, ಕೆಲವು ವಾರ ಮೆಲುವಾಗಿ ನುಡಿಸಿ ನೋಡಿ ಎನ್ನುತ್ತೇನೆ. ಕೆಲವರಿಗೆ ಇದು ದುಬಾರಿ ಉಪದೇಶವೆನಿಸುತ್ತದೆ. ಅದಕ್ಕೆ ಶುಲ್ಕ ತೆಗೆದುಕೊಳ್ಳುವುದಿಲ್ಲ.

ದಪ್ಪ ತಂತಿಯೇ ದಪ್ಪ ದನಿ ಎಂಬ ವಾದಕ್ಕೆ ಅಮೆರಿಕದ ಬ್ಲೂಸ್ ಗಿಟಾರ್ ವಾದಕ ಸ್ಟೀವಿ ರೇ ವಾನ್ ಅವರನ್ನು ಎಲ್ಲರೂ ಸಾಕ್ಷಿಗೆ ಕರೆಯುತ್ತಾರೆ. ಅವರು ಹದಿಮೂರರ ತಂತಿ ಬಳಸುತ್ತಿದ್ದುದು ನಿಜ, ಆದರೆ ಗಿಟಾರನ್ನು ಅರ್ಧ ಸ್ವರ ಇಳಿಸಿ ಶ್ರುತಿ ಮಾಡುತ್ತಿದ್ದರು. ಅಷ್ಟು ಇಳಿಸಿದರೇ ಬಿಗಿತ ಶೇ 11ರಷ್ಟು ತಗ್ಗುತ್ತದೆ. ಇತ್ತ ಝೀಝೀ ಟಾಪ್ ತಂಡದ ಬಿಲ್ಲಿ ಗಿಬ್ಬನ್ಸ್ ಏಳರ ತಂತಿಯಲ್ಲಿ ನುಡಿಸುತ್ತಾರೆ, ಅವರ ದನಿಯನ್ನು ಯಾರೂ ಬಡಕಲು ಎಂದದ್ದು ನಾನು ಕೇಳಿಲ್ಲ. ಬ್ಲ್ಯಾಕ್ ಸಬ್ಬತ್ ತಂಡದ ಟೋನಿ ಅಯೋಮಿ ಕಾರ್ಖಾನೆಯ ಅಪಘಾತದಲ್ಲಿ ಎರಡು ಬೆರಳ ತುದಿ ಕಳೆದುಕೊಂಡ ಮೇಲೆ ಹಗುರ ತಂತಿಗಳಿಗೆ ಹೋದವರು, ಅದಕ್ಕಾಗಿ ಬ್ಯಾಂಜೊ ತಂತಿಗಳನ್ನೂ ಬಳಸಿದರು. ಹೆವಿ ಮೆಟಲ್‌ನ ಭಾರ ಹುಟ್ಟಿದ್ದು ಅಂಥ ಕೈಯಿಂದ. ತೆಳು ತಂತಿಯಲ್ಲಿ ಪಿಕಪ್‌ನ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಅಯಸ್ಕಾಂತದ ಭಾಗ) ಮುಂದೆ ಅಲುಗುವ ಲೋಹ ಕಡಿಮೆ, ಆದ್ದರಿಂದ ಸಂಕೇತ ತುಸು ಕುಗ್ಗುತ್ತದೆ, ಅದನ್ನು ಒಪ್ಪುತ್ತೇನೆ. ಪಿಕಪ್ಪನ್ನು ಸ್ವಲ್ಪ ಎತ್ತರಿಸಿದರೆ ಅಥವಾ ಆ್ಯಂಪ್ಲಿಫೈಯರ್ ಗುಂಡಿಯನ್ನು ತಿರುಗಿಸಿದರೆ ಬಹುಪಾಲು ಮರಳುತ್ತದೆ. ಅತಿಯಾಗಿ ಎತ್ತರಿಸಿದರೆ ಅಯಸ್ಕಾಂತವೇ ತಂತಿಯನ್ನು ಎಳೆದು ಶ್ರುತಿ ಕೆಡಿಸುತ್ತದೆ.

ಈಗ ತಂತಿ ಬದಲಿಸಲು ಯಾರೇ ಬಂದರೂ ಹಳೆಯ ತಂತಿಗಳನ್ನು ಎಸೆಯುವ ಮೊದಲು ಮೈಕ್ರೋಮೀಟರ್‌ನಲ್ಲಿ ಅಳೆಯುತ್ತೇನೆ. ‘ಹತ್ತರದ್ದೇ ಇತ್ತು’ ಎನ್ನುವವರ ಗಿಟಾರ್‌ನಲ್ಲಿ ಬೇರೆ ದಪ್ಪ ಸಿಗುವುದು ಅಪರೂಪವಲ್ಲ. ಸ್ಕೇಲ್ ಎಷ್ಟೆಂದೂ ನೋಡುತ್ತೇನೆ. 24.75 ಇಂಚಿನದಾದರೆ ಅದೇ ತಂತಿ 25.5ರದ್ದಕ್ಕಿಂತ ಶೇ 6ರಷ್ಟು ಸಡಿಲ, ಅಲ್ಲಿ ಹತ್ತರಿಂದ ಒಂಬತ್ತಕ್ಕೆ ಇಳಿಯುವ ಅಗತ್ಯವೇ ಇಲ್ಲದಿರಬಹುದು. ತೆಳು ತಂತಿಗಳ ಬೆಂಡ್ ಸುಲಭವಾಗಬೇಕು, ದಪ್ಪ ತಂತಿಗಳ ರಿದಂ ಗಟ್ಟಿಯಾಗಿಯೇ ಇರಬೇಕು ಎನ್ನುವವರಿಗೆ 9–46 ಸೆಟ್ ಕೊಡುತ್ತೇನೆ. ಅವರಲ್ಲಿ ಮತ್ತೆ ಬದಲಿಸಲು ಬರುವವರು ಕಡಿಮೆ.