ಸಾಲಿನ ಕಟ್ಟಕಡೆಗೆ ಎರಡು ದಿನ

ಈ ವೀಕೆಂಡ್ ಗ್ರೂಪ್ ವಾಕ್‌ಗೆ ಫ್ರೆಂಡ್ಸ್ ಜೊತೆ ಹೆಸರು ಕೊಟ್ಟಾಗ ನನ್ ತಲೇಲಿ ಇದ್ದಿದ್ದು ಒಂದೇ, ದಡದಡ ನಡೆದು ಎಲ್ರಿಗಿಂತ ಮೊದ್ಲು ಮೇಲೆ ಹತ್ತಿ ಕೂರೋದು. ಆದ್ರೆ ಶನಿವಾರ ಬೆಳಿಗ್ಗೆ ತಲೆ ಎಣಿಸ್ತಿದ್ದ ಲೀಡರ್ (ಅರವತ್ತು ದಾಟಿದೆ, ನಮ್ಮೆಲ್ರಿಗಿಂತ ಚುರುಕು) ನನ್ನ ಮೇಲಿಂದ ಕೆಳಗೆ ನೋಡಿ "ನೀವು ಇವತ್ತು ಸ್ವೀಪ್" ಅಂದುಬಿಟ್ರು. ಸ್ವೀಪ್ ಅಂದ್ರೆ ಸಾಲಿನ ಕೊನೆಯೋನು, ನಿಮ್ ಹಿಂದೆ ಯಾರೂ ಉಳೀಬಾರ್ದು, ಯಾರಾದ್ರೂ ಗಿಡದ ಮರೆಗೆ ಹೋದ್ರೆ ವಾಪಸ್ ಬರೋವರೆಗೂ ದಾರೀಲಿ ನಿಂತಿರಬೇಕು, ಅಷ್ಟೇ ಕೆಲ್ಸ. ನಂಗೆ ಸ್ವಲ್ಪ ಅವಮಾನಾನೇ ಆಯ್ತು ಅನ್ನಿ.

ಅವತ್ತಿನ ದಾರಿ 12 ಕಿಲೋಮೀಟರ್, ಒಟ್ಟು ಏರು 400 ಮೀಟರ್ ಅಷ್ಟು. ಹಿಂದಿನ ದಿನಾನೇ ಕೂತು ಲೆಕ್ಕ ಹಾಕಿದ್ದೆ. ವಿಲಿಯಂ ನೈಸ್ಮಿತ್ ಅಂತ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಕೊಟ್ಟ ಸೂತ್ರಾನ ಬೆಟ್ಟ ಹತ್ತೋರು ಇವತ್ತಿಗೂ ಬಳಸ್ತಾರೆ, ಹತ್ರಹತ್ರ ಗಂಟೆಗೆ 5 ಕಿಲೋಮೀಟರ್, ಅದ್ರ ಮೇಲೆ 600 ಮೀಟರ್ ಏರಿಗೆ ಒಂದು ಗಂಟೆ. ಆ ಪ್ರಕಾರ ನಮ್ದು ಮೂರು ಗಂಟೆ ಚಿಲ್ರೆ ಆಗ್ಬೇಕಿತ್ತು. ಆಗಿದ್ದು ಐದೂಕಾಲು.

ಯಾಕೆ ಅಂತ ಹಿಂದೆ ನಡೆದಾಗ್ಲೇ ಗೊತ್ತಾಗಿದ್ದು. ಒಂದು ಸಣ್ಣ ತೊರೆ, ಮೂರು ಕಲ್ಲು, ಒಬ್ರು ದಾಟೋಕೆ ಅರ್ಧ ನಿಮಿಷ. ನಾವು 18 ಜನ, ಅಲ್ಲಿಗೆ ಒಂಬತ್ತು ನಿಮಿಷ. ಮೊದಲು ದಾಟಿದವ್ರು ಕಾಯೋಲ್ಲ, ಮುಂದಕ್ಕೆ ಹೋಗ್ತಾರೆ, ಸಾಲು ರಬ್ಬರ್ ಬ್ಯಾಂಡ್ ಥರ ಎಳ್ಕೊಳುತ್ತೆ, ಕೊನೇಲಿರೋರು ಅದನ್ನ ಹಿಡಿಯೋಕೆ ಓಡೋ ಹಾಗೆ ನಡೀಬೇಕು. ಯಾರು ನಿಧಾನವೋ ಅವ್ರಿಗೇ ಓಟ!

ನನ್ ಜೊತೆ ಹಿಂದೆ ಉಳಿದಿದ್ದು ನನ್ನ ಕಾಲೇಜಿನ ಗೆಳತಿ, ಇದು ಅವಳ ಮೊದಲ ವಾಕ್, ಮೇಲಾಗಿ ಹೊಸ ಶೂ. ಏರು ಮುಗಿಸಿ ಉಸಿರು ಬಿಡ್ತಾ ನಾವು ಮರದ ಕೆಳಗೆ ಬಂದ್ರೆ ಮುಂದಿನವ್ರು ಹತ್ತು ನಿಮಿಷದಿಂದ ಅಲ್ಲಿ ಕಾಲು ಚಾಚಿ ಕೂತಿದ್ದಾರೆ, ನಮ್ಮನ್ನ ನೋಡಿದ ತಕ್ಷಣ "ಹಾ, ಬಂದ್ರಲ್ಲ, ಹೊರಡೋಣ" ಅಂತ ಬ್ಯಾಗ್ ಏರಿಸಿದ್ರು. ಅವಳು ಬಾಟಲಿ ಮುಚ್ಚಳ ಬಿಚ್ಚಿದ್ದಳು ಅಷ್ಟೇ, ಮತ್ತೆ ಹಾಕಿದ್ಳು. ಸುಸ್ತಾಗದವ್ರಿಗೆ ರೆಸ್ಟ್, ಸುಸ್ತಾದವ್ರಿಗೆ ಇಲ್ಲ. ಎಷ್ಟು ವಾಕ್‌ಗಳಲ್ಲಿ ಆ "ಹೊರಡೋಣ" ಅಂದಿರೋನು ನಾನೇ, ಯೋಚಿಸಿದ್ರೆ ಈಗ ಮೈ ಪರಚಿಕೊಳ್ಳೋ ಹಾಗಾಗುತ್ತೆ.

ಆಮೇಲೆ ಅರ್ಧ ಕಿಲೋಮೀಟರ್ ಆದ್ಮೇಲೆ ಅವಳು ಮೆಲ್ಲಗೆ "ಹಿಮ್ಮಡಿ ಚುರುಚುರು ಅಂತಿದೆ ಕಣೋ, ಆದ್ರೆ ಎಲ್ರೂ ಕಾಯ್ತಾರಲ್ಲ" ಅಂದ್ಳು. ಕಾಯ್ಲಿ ಬಿಡೇ ಅಂತ ಕೂರಿಸಿದೆ. ಬೆಳಗಿನ ಹುಲ್ಲಿನ ಇಬ್ಬನೀಲಿ ನಡೆದು ಸಾಕ್ಸ್ ಒದ್ದೆಮುದ್ದೆ, ಹಿಮ್ಮಡೀಲಿ ನಾಣ್ಯದಷ್ಟು ಕೆಂಪು, ಬೊಬ್ಬೆ ಇನ್ನೂ ಎದ್ದಿರ್ಲಿಲ್ಲ. ಒದ್ದೆ ಚರ್ಮ ಸಾಕ್ಸಿಗೆ ಅಂಟ್ಕೊಂಡಿರುತ್ತೆ, ಒಳಗೆ ಮೂಳೆ ಹಿಂದೆ ಮುಂದೆ ಜರೀತಾ ಇರುತ್ತೆ, ಮಧ್ಯೆ ಚರ್ಮದ ಪದರಗಳು ಬಿಟ್ಕೊಳ್ತವೆ, ಅದೇ ಬೊಬ್ಬೆ. ಕಾಲು ಒರೆಸಿ, ಸುಕ್ಕಿಲ್ಲದ ಹಾಗೆ ಟೇಪ್ ಅಂಟಿಸಿ, ನನ್ ಬ್ಯಾಗಲ್ಲಿದ್ದ ಒಣ ಸಾಕ್ಸ್ ಕೊಟ್ಟೆ. ಲೇಸನ್ನ ಶೂ ಮೇಲಿನ ಕೊನೇ ತೂತಿಗೂ ಹಾಕಿ ಬಿಗಿದು ಕಟ್ಟಿದ್ರೆ ಹಿಮ್ಮಡಿ ಮೇಲೆ ಕೆಳಗೆ ಆಡಲ್ಲ, ಆ ತೂತು ಇರೋದೇ ಅದಕ್ಕೆ, ನಾವ್ಯಾರೂ ಬಳಸಲ್ಲ.

ಕೂತಿದ್ದಾಗ್ಲೇ ಅವಳು ಪಕ್ಕದ ಮರದ ಚಿಗುರು ತೋರಿಸಿದ್ದು. ತಾಮ್ರದ ಬಣ್ಣ, ಇನ್ನೂ ಗಟ್ಟಿಯಾಗದೆ ಜೋತು ಬಿದ್ದಿತ್ತು. ಬೆಳಕಿಗೆ ಹಿಡಿದ್ರೆ ನರ ನರ ಕಾಣ್ತಿತ್ತು, ಎಳೆ ಮಗು ಕಿವಿ ಥರ. ಹಸಿರು ತುಂಬೋಕೆ ಮುಂಚೆ ಎಳೆ ಎಲೇಲಿ ಆಂಥೋಸಯನಿನ್ ಅನ್ನೋ ಕೆಂಪು ಬಣ್ಣ ಸೇರಿರುತ್ತೆ, ಬಿಸಿಲಿನ ಹೊಡೆತ ತಡೆಯೋಕೆ ಅಂತಾರೆ. ಮುಂದಿನವ್ರ ಗಲಾಟೆಗೆ ಸುಮ್ಮನಾಗಿದ್ದ ಹಕ್ಕಿಗಳೂ ಅಷ್ಟೊತ್ತಿಗೆ ಮತ್ತೆ ಶುರು ಹಚ್ಕೊಂಡಿದ್ವು. ಇಷ್ಟು ವರ್ಷ ವಸಂತ ಕಾಲದ ವಾಕ್ ಅಂತ ಹೋಗಿ ನಾನು ನೋಡಿದ್ದು ಬರೀ ಲೀಡರ್ ಬೆನ್ನು.

ಸಂಜೆ ಲೀಡರ್ ಹತ್ರ ಈ ರೆಸ್ಟಿನ ವಿಷ್ಯ ಎತ್ತಿದೆ. ಸರಿ ನಾಳೆ ಬದಲಾಯಿಸೋಣ ಅಂದ್ರು. ಭಾನುವಾರ ನಿಧಾನದವ್ರು ಲೀಡರ್ ಹಿಂದೇನೇ, ವೇಗದವ್ರು ಬಾಲದಲ್ಲಿ, ಮತ್ತೆ ರೆಸ್ಟ್ ಟೈಮ್ ಲೆಕ್ಕ ಶುರುವಾಗೋದು ಕೊನೆಯವ್ರು ಕೂತ ಮೇಲೆ. ನಮ್ಮ ಗ್ಯಾಂಗಿನ ಇಬ್ರು ಗೊಣಗಿದ್ರು, ಎತ್ತು ಏರಿಗೆ ಎಳೀತು ಕೋಣ ನೀರಿಗೆ ಎಳೀತು ಅನ್ನೋ ಪರಿಸ್ಥಿತಿ. ಸುಳ್ಳು ಯಾಕೆ ಹೇಳ್ಲಿ, ಸಪಾಟು ದಾರೀಲಿ ನಂಗೂ ಆಕಳಿಕೆ ಬಂತು. ಕೊನೆಗೆ ಲೀಡರ್ರೇ "ಆ ದೊಡ್ಡ ಬಂಡೆವರೆಗೂ ಹೋಗಿ ನಿಂತಿರಿ, ಅದ್ರಿಂದಾಚೆ ಒಂದು ಹೆಜ್ಜೆ ಇಡ್ಬೇಡಿ" ಅಂತ ಅವ್ರನ್ನ ಬಿಟ್ರು, ಕಟ್ಟು ಬಿಚ್ಚಿದ ಕರುಗಳ ಹಾಗೆ ಓಡಿದ್ರು. ಆದ್ರೂ 9 ಕಿಲೋಮೀಟರ್ ಮೂರೇ ಗಂಟೇಲಿ ಮುಗೀತು, ಸಾಲು ಒಂದ್ಸಲಾನೂ ಹರೀಲಿಲ್ಲ.

ಇಳಿಜಾರಲ್ಲಿ ಮಾತ್ರ ನಾನು ಬುದ್ಧಿ ಕಲೀಲಿಲ್ಲ. ಲೀಡರ್ ಪುಟ್ಟ ಪುಟ್ಟ ಹೆಜ್ಜೆ ಹಾಕ್ತಾ ಮಂಡಿ ಸ್ವಲ್ಪ ಬಗ್ಗಿಸಿಕೊಂಡು ಇಳೀತಿದ್ರೆ ನಾನು ಧಪಧಪ ಅಂತ ಇಳಿದೆ. ಇಳಿಯುವಾಗ ತೊಡೆ ಸ್ನಾಯು ಎಳೆಸ್ಕೊಳ್ತಾನೇ ಬ್ರೇಕ್ ಹಾಕ್ಬೇಕು, ಅದ್ರ ನೋವು ಅವತ್ತಲ್ಲ, ಮಾರನೇ ದಿನ ಬರೋದು. ಸೋಮವಾರ ಬೆಳಿಗ್ಗೆ ರೇಲಿಂಗ್ ಹಿಡ್ಕೊಂಡು ಏಡಿ ಥರ ಅಡ್ಡಡ್ಡ ಮೆಟ್ಟಿಲು ಇಳೀತಿದ್ದಾಗ ಅವಳ ಮೆಸೇಜ್ ಬಂತು, "ನಾನು ಆರಾಮ್, ಬೊಬ್ಬೆ ಇಲ್ಲ. ನಿನ್ ಸಾಕ್ಸ್ ಒಗೆದು ಹಾಕಿದೀನಿ, ಮುಂದಿನ ವಾಕ್ ಯಾವತ್ತು?"