ಸರದಿ ಎಲ್ಲಿಗೆ ಬಂತು, ಅಷ್ಟರ ಹೇಳ್ರಿ

ನಮ್ಮ ವಿಜಯಪುರದ ನಾಡಕಚೇರಿಯೊಳಗ ಆದಾಯ ಪ್ರಮಾಣಪತ್ರಕ್ಕ ಅರ್ಜಿ ಕೊಟ್ರ ಸಕಾಲ ನಂಬರಿನ ರಸೀದಿ ಕೈಗೆ ಬರತೈತಿ. ಯಾವ ತಾರೀಖಿನೊಳಗ ಕೊಡಬೇಕು ಅನ್ನೋದೂ ಅದರಾಗ ಇರತೈತಿ. ತಡ ಆದ್ರ ದಿನಕ್ಕ 20 ರೂಪಾಯಿ ಪರಿಹಾರ ಕೇಳೂ ಹಕ್ಕು 2011ರ ಸಕಾಲ ಕಾಯ್ದೆಯೊಳಗ ಐತಿ.

ಆದ್ರ ನಮ್ಮ ಸೋದರತ್ತಿ ಮಗ ಅಮೆರಿಕಾದಾಗ ಗ್ರೀನ್ ಕಾರ್ಡಿಗೆ, ಅಂದ್ರ ಅಲ್ಲೇ ಕಾಯಂ ಇರೂ ಪರವಾನಗಿಗೆ, ಯಾವಾಗ ಸಿಗತೈತಿ ಅಂತ ತಿಳೀದನ ಕಾಯಾಕತ್ತಾನ. ಉದ್ಯೋಗದ ಲೆಕ್ಕದಾಗ ಅಲ್ಲಿ ವರ್ಷಕ್ಕ ಸುಮಾರು 1,40,000 ಕಾರ್ಡು, ಒಂದೊಂದು ದೇಶಕ್ಕ ಶೇ 7ರ ಮಿತಿ. ಹಿಂಗಾಗಿ ಭಾರತದಾಗ ಹುಟ್ಟಿದವರ ಸಾಲು ಬೆಳಕೋತ ಹೊಂಟೈತಿ. ಯಾವ ತಾರೀಖಿನ ತನಕದ ಅರ್ಜಿಗೆ ಸರದಿ ಬಂತು ಅಂತ ಹೇಳೂ ವೀಸಾ ಬುಲೆಟಿನ್ ತಿಂಗಳಿಗೊಮ್ಮೆ ಬಂತಂದ್ರ ಅತ್ತಿ ಫೋನ್ ಮಾಡ್ತಾಳ: "ತಾರೀಖ ಮುಂದ ಸರದೈತೇನೋ ತಮ್ಮಾ?" ಒಮ್ಮೊಮ್ಮೆ ಮುಂದ ಹೋಗೂದಿರಲಿ, ಹಿಂದನ ಬಂದಿರತೈತಿ. ಏನಂತ ಹೇಳೂದು? ಮಗ ಊರಿಗೆ ಬಂದ್ರ, ತಿರುಗಿ ಅಮೆರಿಕಾಕ್ಕ ಹೋಗಾಕ ಪಾಸ್‌ಪೋರ್ಟಿನ ಮ್ಯಾಲೆ ಮತ್ತ ವೀಸಾ ಸ್ಟಾಂಪಿಂಗ್ ಆಗತೈತೋ ಇಲ್ಲೋ ಅನ್ನೋ ಅಂಜಿಕಿ. ಅವನು ಬರಲಿ ಅಂತ ಅತ್ತಿ ಮೊಣಕಾಲಿನ ಆಪರೇಷನ್ ಮುಂದ ಹಾಕ್ಕೋತ ಕುಂತಾಳ.

ಕಾಯಾಕ ಯಾರೂ ಒಲ್ಲೆ ಅನ್ನಾಕತ್ತಿಲ್ಲ. ಆದ್ರ ನಮ್ಮ ಮುಂದ ಎಷ್ಟು ಮಂದಿ ಅದಾರ, ವರ್ಷಕ್ಕ ಎಷ್ಟು ಫೈಲು ಮುಗೀತಾವ, ಈ ಫೈಲು ಯಾವ ಹಂತದಾಗ ನಿಂತೈತಿ, ಯಾಕ ನಿಂತೈತಿ? ಫೀ ಕಟ್ಟಿದ ಪ್ರತಿಯೊಬ್ಬ ಅರ್ಜಿದಾರಗೂ ಇದನ್ನ ಸರ್ಕಾರ ತಾನಾಗೇ ತಿಳಿಸಬೇಕು. ಯಾವ ದೇಶದ ಸರ್ಕಾರ ಇದ್ರೂ ಅಷ್ಟರ.